ನಾಯಿ-ಬೆಕ್ಕಿನ ಪ್ಯಾಕೆಟ್ ಆಹಾರದ ಮೆಸೇಜ್: ಸ್ಪಷ್ಟನೆ

ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಪ್ಯಾಕೆಟ್ ಆಹಾರದಲ್ಲಿ ಮೆಲಮೈನ್ ವಿಷ ಸಿಕ್ಕಿದೆ, ನಾಯಿ-ಬೆಕ್ಕುಗಳ ಕಿಡ್ನಿ ಹೋಗುತ್ತಿದೆ, ಎಲ್ಲ ಬಿಸಾಡಿ." ಇದು ಈಗಿನ ಸುದ್ದಿಯಲ್ಲ, ಇಲ್ಲಿಯದೂ ಅಲ್ಲ. ದಯವಿಟ್ಟು ಮುಂದೆ ಕಳಿಸಬೇಡಿ.

ಅದು 2007ರಲ್ಲಿ ಅಮೆರಿಕ, ಕೆನಡಾದಲ್ಲಿ ನಡೆದದ್ದು. ಪ್ಯಾಕೆಟ್ ಆಹಾರಕ್ಕೆ ಹಾಕಲು ಚೀನಾದಿಂದ ತಂದ ಗೋಧಿಯ ಪ್ರೋಟೀನ್, ಅಂದರೆ ಗೋಧಿ ಗ್ಲುಟೆನ್‌ನಲ್ಲಿ ಮೆಲಮೈನ್ ಎಂಬ, ಪ್ಲಾಸ್ಟಿಕ್ ತಯಾರಿಕೆಯಲ್ಲಿ ಬಳಸುವ ರಾಸಾಯನಿಕ ಸೇರಿತ್ತು. ಪ್ರೋಟೀನ್ ಪರೀಕ್ಷೆಯಲ್ಲಿ ಅಳೆಯುವುದು ನೈಟ್ರೋಜನ್ ಅಲ್ವಾ, ಮೆಲಮೈನ್‌ನಲ್ಲಿ ಅದು ತುಂಬ ಇದೆ. ಹಾಗಾಗಿ ಬೆರೆಸಿದರೆ ಪ್ರೋಟೀನ್ ಜಾಸ್ತಿ ಇದ್ದಂತೆ ಕಾಣುತ್ತದೆ. ಜೊತೆಗಿದ್ದ ಸಯನ್ಯೂರಿಕ್ ಆಮ್ಲ ಎಂಬ ಇನ್ನೊಂದು ರಾಸಾಯನಿಕದೊಂದಿಗೆ ಸೇರಿ ಅದು ಕಿಡ್ನಿಯಲ್ಲಿ ಹರಳುಗಟ್ಟಿತು. ಪಾಪ, ಪ್ರಾಣಿಗಳು ಸತ್ತದ್ದು ನಿಜ. ಆ ಮಾಲನ್ನು ಆಗಲೇ ಮಾರುಕಟ್ಟೆಯಿಂದ ವಾಪಸ್ ತೆಗೆದರು. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ದಾಖಲೆಗಳಲ್ಲಿ ಇದೆಲ್ಲ ಇದೆ.

ನಮ್ಮ ಮಳೆಗಾಲದಲ್ಲಿ ನಾನು ಹೆಚ್ಚು ಹೆದರುವುದು ಬೂಷ್ಟಿಗೆ. ಆಹಾರದಲ್ಲಿರುವ ಮೆಕ್ಕೆಜೋಳ, ನೆಲಗಡಲೆಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಅದು ಲಿವರ್ ಕೆಡಿಸುತ್ತದೆ, ಕುದಿಸಿದರೂ ಹೋಗುವುದಿಲ್ಲ. ಮನೆಯಲ್ಲೇ ಮಾಡಿ ಹಾಕುವವರಿಗೂ ಈ ಮಾತು ಅನ್ವಯಿಸುತ್ತದೆ. ಬಾಯಿ ಬಿಚ್ಚಿದ ಚೀಲವನ್ನು ಹಾಗೇ ಗಟ್ಟಿ ಮುಚ್ಚಳದ ಡಬ್ಬಿಯೊಳಗೆ ಇಡಿ, ಬ್ಯಾಚ್ ನಂಬರ್ ಅದರಲ್ಲೇ ಇರುತ್ತದೆ. ಮುಗ್ಗಲು ವಾಸನೆ ಬಂದರೆ ಹಾಕಬೇಡಿ. ಪ್ರಾಣಿ ವಾಂತಿ ಮಾಡಿ ಊಟ ಬಿಟ್ಟರೆ, ಕಣ್ಣು ಹಳದಿಯಾದರೆ, ಆ ಚೀಲದ ಸಮೇತ ಪಶುವೈದ್ಯರ ಹತ್ತಿರ ಕೂಡಲೇ ಹೋಗಿ.