ಕಂಪನಿ ಆಫ್ ಹೀರೋಸ್ 3: ಮೊದಲ 12 ಗಂಟೆ

ಎರಡನೇ ಮಹಾಯುದ್ಧದ ಈ ವಿಡಿಯೊ ಗೇಮನ್ನು ಮೂರು ರಾತ್ರಿ ಸೇರಿ ಸುಮಾರು 12 ಗಂಟೆ ಆಡಿದ್ದೇನೆ. ಕ್ಯಾಂಪೇನ್, ಅಂದ್ರೆ ಒಬ್ಬರೇ ಆಡುವ ಕಥೆಯ ಭಾಗ, ಇನ್ನೂ ಅರ್ಧಕ್ಕೂ ಬಂದಿಲ್ಲ. ಆದರೂ ಈಗಲೇ ಬರೆಯಬೇಕು ಅನಿಸಿತು. ಆರ್‌ಟಿಎಸ್ (ರಿಯಲ್ ಟೈಮ್ ಸ್ಟ್ರಾಟಜಿ, ಸರದಿಗೆ ಕಾಯದೆ ಪಡೆಗಳನ್ನು ನಡೆಸುವ ಯುದ್ಧತಂತ್ರದ) ಆಟಗಳ ಬಗ್ಗೆ ನನಗಿದ್ದ ಒಂದು ಹಳೆಯ ನಂಬಿಕೆ ಈ ಮೂರು ರಾತ್ರಿಗಳಲ್ಲಿ ಮುರಿದುಬಿತ್ತು.

ಮೌಸ್ ಇಲ್ಲದೆ ಈ ಬಗೆಯ ಆಟ ಆಡೋಕಾಗಲ್ಲ ಅನ್ನೋದೇ ಆ ನಂಬಿಕೆ. ಮೊದಲ ಕಂಪನಿ ಆಫ್ ಹೀರೋಸ್ ಬಂದದ್ದು 2006ರಲ್ಲಿ. ಕಥೆ ನಾರ್ಮಂಡಿಯದು. ಹಾಸ್ಟೆಲ್‌ನಲ್ಲಿ ಗೆಳೆಯನ ಕಂಪ್ಯೂಟರಿನಲ್ಲಿ ಸರದಿ ಹಚ್ಚಿ ಆಡುತ್ತಿದ್ದೆವು. ಬಲಗೈ ಮೌಸ್ ಮೇಲೆ, ಎಡಗೈ ಕೀಬೋರ್ಡ್ ಮೇಲೆ. ಯಾರ ಬೆರಳು ಚುರುಕೋ ಅವರೇ ಗೆಲ್ಲುತ್ತಿದ್ದರು. ಆಮೇಲೆ 2009ರಲ್ಲಿ ಹೇಲೋ ವಾರ್ಸ್ ಕಂಟ್ರೋಲರ್‌ಗೆಂದೇ ತಯಾರಾಗಿ ಬಂತು. ಚೆನ್ನಾಗಿತ್ತು, ಆದರೆ ಸಲೀಸಾಗಲಿ ಅಂತ ಎಷ್ಟೋ ವಿಷಯಗಳನ್ನು ಅದರಲ್ಲಿ ಕಮ್ಮಿ ಮಾಡಿದ್ದರು. ಹಾಗಾಗಿ 2023ರಲ್ಲಿ ಕಂಪನಿ ಆಫ್ ಹೀರೋಸ್ 3 ಫೆಬ್ರವರಿಯಲ್ಲಿ ಪಿಸಿಗೆ, ಮೇ ಕೊನೆಯಲ್ಲಿ ಪಿಎಸ್5 ಮತ್ತು ಎಕ್ಸ್‌ಬಾಕ್ಸ್‌ಗೆ ಬಂದಾಗ ನಾನು ಕನ್ಸೋಲ್ ಕಡೆ ತಿರುಗಿಯೂ ನೋಡಲಿಲ್ಲ. ಈಗ ಮನೆಯಲ್ಲಿ ಇರೋದು ಕನ್ಸೋಲ್ ಒಂದೇ. ಹಾಗಾಗಿ ಶುರು ಮಾಡಿದೆ.

ಮೊದಲ ಗಂಟೆ ಕಷ್ಟವಾಯಿತು. ಕಂಟ್ರೋಲರ್‌ನ ಸ್ಟಿಕ್ ತಳ್ಳಿ ಕರ್ಸರ್ ಒಂದು ಸ್ಕ್ವಾಡ್ (ಸೈನಿಕರ ಸಣ್ಣ ಗುಂಪು) ಹತ್ತಿರ ಹೋಗುವಷ್ಟರಲ್ಲಿ ಇನ್ನೊಂದು ಸ್ಕ್ವಾಡ್ ನೆಲಕಚ್ಚಿರುತ್ತಿತ್ತು. ಆಜ್ಞೆಗಳೆಲ್ಲ ಚಕ್ರದಂತೆ ತೆರೆಯುವ ಮೆನುವಿನಲ್ಲಿವೆ. ಯಾವುದು ಎಲ್ಲಿದೆ ಅಂತ ಕೈಗೆ ರೂಢಿಯಾಗೋಕೆ ಟೈಮ್ ಬೇಕು.

ಆಮೇಲೆ ಟ್ಯಾಕ್ಟಿಕಲ್ ಪಾಸ್ (pause) ಬಳಸೋದು ಕಲಿತೆ. ಒಬ್ಬರೇ ಆಡುವಾಗ ಯುದ್ಧವನ್ನು ಯಾವ ಕ್ಷಣದಲ್ಲಾದರೂ ನಿಲ್ಲಿಸಬಹುದು. ನಿಂತ ಹೊತ್ತಿನಲ್ಲೇ ಪ್ರತಿ ಸ್ಕ್ವಾಡ್‌ಗೂ ಒಂದಾದ ಮೇಲೊಂದು ಆಜ್ಞೆ ಕೊಟ್ಟು, ಆಮೇಲೆ ಬಿಡಬಹುದು.

ಎರಡನೇ ರಾತ್ರಿಯ ಒಂದು ಹೋರಾಟ ಹೇಳಲೇಬೇಕು. ಒಂದು ಹಳ್ಳಿ, ಕಲ್ಲಿನ ಮನೆ, ಕಿಟಕಿಯಲ್ಲಿ ಜರ್ಮನ್ ಮೆಷಿನ್‌ಗನ್. ನನ್ನ ಸ್ಕ್ವಾಡ್ ಬಟಾಬಯಲಿನಲ್ಲಿ ಸಿಕ್ಕಿಬಿತ್ತು. ಈ ಆಟದಲ್ಲಿ ಮೆಷಿನ್‌ಗನ್ನಿನ ಕೆಲಸ ಬರೀ ಕೊಲ್ಲೋದಲ್ಲ. ಗುಂಡಿನ ಮಳೆಗೆ ಸೈನಿಕರು ಬಗ್ಗುತ್ತಾರೆ, ಆಮೇಲೆ ಮಲಗಿಬಿಡುತ್ತಾರೆ, ಮುಂದಕ್ಕೆ ತೆವಳೋಕೂ ಆಗಲ್ಲ. ಹಳೆಯ ದಿನಗಳಲ್ಲಾದರೆ ಗಾಬರಿಯಲ್ಲಿ ರಿಟ್ರೀಟ್ ಒತ್ತುತ್ತಿದ್ದೆ. ಈ ಸಲ ಆಟ ನಿಲ್ಲಿಸಿದೆ, ಕ್ಯಾಮೆರಾ ತಿರುಗಿಸಿ ಸುಮ್ನೆ ನೋಡುತ್ತಾ ಕೂತೆ. ಎಡಕ್ಕೆ ತಗ್ಗು ಗೋಡೆ, ಒಳ್ಳೆಯ ಕವರ್. ಮೆಷಿನ್‌ಗನ್ ಒಂದು ಸಲಕ್ಕೆ ಒಂದು ದಿಕ್ಕನ್ನು ಮಾತ್ರ ಕಾಯಬಲ್ಲದು. ಎರಡನೇ ಸ್ಕ್ವಾಡನ್ನು ಗೋಡೆಯ ಮರೆಯಲ್ಲೇ ಬಳಸಿ ಮನೆಯ ಹಿಂದಕ್ಕೆ ಕಳಿಸಿದೆ. ಅಲ್ಲಿಂದ ಬಾಗಿಲು ಒಡೆದು ಒಳನುಗ್ಗುವ ಆಜ್ಞೆ. ಪಾಸ್ ತೆಗೆದೆ. 20 ಸೆಕೆಂಡಿನಲ್ಲಿ ಮನೆ ನನ್ನದಾಯಿತು.

ಆ ಖುಷಿ ಹಾಸ್ಟೆಲ್ ದಿನಗಳಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ. ಆಗ ಗೆದ್ದದ್ದು ಬೆರಳು. ಇಲ್ಲಿ ನಾನು ಜಾಗ ನೋಡಿ, ಯೋಚಿಸಿ ಗೆದ್ದೆ. ಯುದ್ಧತಂತ್ರದ ಆಟ ಅಂದ್ರೆ ಇದೇ ಅಲ್ವಾ? ಟ್ಯಾಂಕುಗಳ ವಿಷಯವೂ ಹೀಗೇ. ಮುಂದಿನ ಕವಚ ದಪ್ಪ, ಪಕ್ಕದ್ದು ಅದಕ್ಕಿಂತ ತೆಳು, ಹಿಂದಿನದು ಇನ್ನೂ ತೆಳು. ಎದುರಾಎದುರು ನಿಂತು ಹೊಡೆದಾಡುವವನು ಸೋಲುತ್ತಾನೆ. ಎಲ್ಲಿಂದ ಹೊಡೆಯಬೇಕು ಅಂತ ನೋಡೋಕೆ ಪುರುಸೊತ್ತು ಸಿಕ್ಕರೆ ಆಟದ ರುಚಿಯೇ ಬೇರೆ.

ಎಲ್ಲವೂ ಇಷ್ಟವಾಯಿತು ಅಂತ ಹೇಳಲ್ಲ. ಇಟಲಿಯ ದೊಡ್ಡ ನಕ್ಷೆಯ ಮೇಲೆ ಸರದಿಯಂತೆ ಪಡೆಗಳನ್ನು ನಡೆಸುವ ಭಾಗ ಎಳೆದಂತಿದೆ. ಸಣ್ಣ ಹೋರಾಟಗಳು ಒಂದೇ ಥರ ಅನಿಸುತ್ತವೆ. ಅಮೆರಿಕದ ಬಕ್ರಮ್, ಬ್ರಿಟನ್ನಿನ ನಾರ್ಟನ್, ಇಟಲಿಯ ಪಾರ್ಟಿಸಾನ್‌ಗಳ (ಜರ್ಮನ್ನರ ವಿರುದ್ಧ ಹೋರಾಡುವ ಸ್ಥಳೀಯರು) ವ್ಯಾಲೆಂಟಿ ಅಂತ ಮೂವರು ಸಲಹೆಗಾರರಿದ್ದಾರೆ. ಒಬ್ಬರ ಮಾತು ಕೇಳಿದರೆ ಇನ್ನೊಬ್ಬರಿಗೆ ಮುನಿಸು. ನನಗೆ ವ್ಯಾಲೆಂಟಿಯ ಮಾತೇ ಹಿಡಿಸಿತು. ಆ ಊರುಗಳು ಆಕೆಯ ಜನರವು. ಆನ್‌ಲೈನ್ ಆಟದಲ್ಲಿ ಪಾಸ್ ಇರೋಕೆ ಸಾಧ್ಯವಿಲ್ಲ, ಅಲ್ಲಿ ಮತ್ತೆ ಬೆರಳುಗಳ ಓಟ. ಎರಡು ಪಂದ್ಯ ಆಡಿ ಬಿಟ್ಟೆ.

ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ತುಂಬಾ ಹತ್ತಿರದ್ದು. ಬ್ರಿಟಿಷ್ ಪಡೆಯಲ್ಲಿ ‘ಇಂಡಿಯನ್ ಆರ್ಟಿಲರಿ’ ಅಂತ ಒಂದು ವಿಭಾಗವಿದೆ, ಅದರಲ್ಲಿ ಗೂರ್ಖಾ ಸೈನಿಕರು ಸಿಗುತ್ತಾರೆ. ಪರದೆಯ ಮೇಲೆ ಅವರು ಮೊದಲ ಸಲ ಬಂದಾಗ ಆಟ ನಿಲ್ಲಿಸಿ ಹತ್ತಿರದಿಂದ ನೋಡಿದೆ. ಎರಡನೇ ಮಹಾಯುದ್ಧದ ಆಟಗಳನ್ನು ಇಷ್ಟು ವರ್ಷ ಆಡಿದ್ದೇನೆ, ನಮ್ಮ ಕಡೆಯ ಮುಖ ಕಂಡದ್ದು ತೀರಾ ಅಪರೂಪ. ಇಟಲಿಯಲ್ಲಿ ಭಾರತದ 4, 8 ಮತ್ತು 10ನೇ ಡಿವಿಷನ್‌ಗಳು ಹೋರಾಡಿದವು. ಸುಮಾರು 50,000 ಸೈನಿಕರು. ಆಟದಲ್ಲಿ ಅವರಿಗೆ ಸಿಕ್ಕ ಜಾಗ ಸಣ್ಣದು. ಅಷ್ಟಾದರೂ ಸಿಕ್ಕಿದ್ದಕ್ಕೆ ಸಂತೋಷವಿದೆ, ಇನ್ನೂ ಜಾಸ್ತಿ ಬೇಕಿತ್ತು ಅಂತಲೂ ಅನಿಸುತ್ತದೆ.

ನಾನು ಬೆಳಗಾವಿಯವನು. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ನಮ್ಮೂರಲ್ಲೇ ಇದೆ. ಚಿಕ್ಕಂದಿನಿಂದ ಆ ಗೇಟಿನ ಮುಂದೆ ಓಡಾಡಿದವನಿಗೆ ಅದೇ ರೆಜಿಮೆಂಟಿನವರು ಇಟಲಿಯ ಬೆಟ್ಟಗಳಲ್ಲಿ ಹೋರಾಡಿದ್ದು ತಿಳಿದದ್ದು ಬಹಳ ತಡವಾಗಿ. 1944ರ ಜುಲೈ 10ರಂದು, ಟೈಬರ್ ನದಿಯ ಮೇಲ್ಕಣಿವೆಯಲ್ಲಿ, ಈ ರೆಜಿಮೆಂಟಿನ ನಾಯಕ್ ಯಶವಂತ ಘಾಡ್ಗೆ ಅವರ ಸೆಕ್ಷನ್ (ಸಣ್ಣ ತುಕಡಿ) ಮೆಷಿನ್‌ಗನ್ ಬಾಯಿಗೆ ಸಿಕ್ಕಿತು. ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಸತ್ತರು ಅಥವಾ ಗಾಯಗೊಂಡರು. ಘಾಡ್ಗೆ ಒಬ್ಬರೇ ಮುನ್ನುಗ್ಗಿದರು. ಗ್ರೆನೇಡ್ ಎಸೆದು ಗನ್ನನ್ನು ಸುಮ್ಮನಾಗಿಸಿದರು, ಒಬ್ಬನಿಗೆ ಗುಂಡಿಟ್ಟರು. ಮ್ಯಾಗಜಿನ್ ಬದಲಿಸಲು ಸಮಯವಿರಲಿಲ್ಲ. ಬಂದೂಕನ್ನೇ ತಿರುಗಿಸಿ ಹಿಡಿದು ಉಳಿದ ಇಬ್ಬರನ್ನು ಬಡಿದು ಕೊಂದರು. ಆಮೇಲೆ ಸ್ನೈಪರ್‌ಗಳ ಗುಂಡಿಗೆ ಬಲಿಯಾದರು. ವಯಸ್ಸು 22. ಮರಣೋತ್ತರವಾಗಿ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಮರುವರ್ಷದ ಏಪ್ರಿಲ್‌ನಲ್ಲಿ ಸೆನಿಯೊ ನದಿಯ ಬಳಿ ತೋರಿದ ಶೌರ್ಯಕ್ಕೆ ಇದೇ ರೆಜಿಮೆಂಟಿನ ನಾಮದೇವ ಜಾಧವ್ ಅವರಿಗೂ ಅದೇ ಪದಕ ಸಿಕ್ಕಿತು.

ಆ ಕಲ್ಲಿನ ಮನೆಯ ಎದುರು ಆಟ ನಿಲ್ಲಿಸಿ ಕೂತಿದ್ದಾಗ ನನಗೆ ನೆನಪಾದದ್ದು ಘಾಡ್ಗೆ. ನನ್ನ ಸ್ಕ್ವಾಡ್ ಮಲಗಿತ್ತು, ಗುಂಡುಗಳು ಗಾಳಿಯಲ್ಲಿ ನಿಂತಿದ್ದವು. ಯೋಚಿಸೋಕೆ ನನಗೆ ಬೇಕಾದಷ್ಟು ಹೊತ್ತಿತ್ತು. ಪಾಸ್ ತೆಗೆಯಲು ಮನಸ್ಸಾಗದೆ ಸ್ವಲ್ಪ ಹೊತ್ತು ಹಾಗೇ ಕೂತೆ.

ಆಟ ಬಂದ ವರ್ಷವೇ, 2023ರ ಜುಲೈನಲ್ಲಿ, ಇಟಲಿಯ ಮೊಂಟೋನೆ ಎಂಬ ಊರಿನಲ್ಲಿ ಘಾಡ್ಗೆ ಅವರ ಹೆಸರಿನ ಸ್ಮಾರಕ ತೆರೆದರು. ಬಿಸಿಲ ಗಡಿಯಾರದ ಆಕಾರದ್ದು. ಒಮ್ಮೆ ಹೋಗಿ ನೋಡುವ ಆಸೆಯಿದೆ.

ಕ್ಯಾಂಪೇನ್ ಮುಗಿದ ಮೇಲೆ ಇನ್ನೊಮ್ಮೆ ಬರೆಯುತ್ತೇನೆ. ಅಷ್ಟರಲ್ಲಿ ಬೆಳಗಾವಿ ಕಡೆಯ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮ ಅಜ್ಜನೋ ಮುತ್ತಜ್ಜನೋ ಆ ಯುದ್ಧಕ್ಕೆ ಹೋಗಿದ್ದರೆ, ಮನೆಯ ಟ್ರಂಕಿನಲ್ಲಿ ಹುಡುಕಿ ನೋಡಿ. ಕೆಂಪು, ಬಿಳಿ, ಹಸಿರು ಪಟ್ಟಿಗಳ ರಿಬ್ಬನ್ ಇರುವ ನಕ್ಷತ್ರದ ಆಕಾರದ ಪದಕ ಸಿಕ್ಕರೆ ಅದು ಇಟಲಿ ಸ್ಟಾರ್. ಫೋಟೋ ಹಾಕಿ, ಅವರ ಕಥೆ ಬರೆಯಿರಿ.