ಹಿಂದಿನ ಸರ್ಕಾರಕ್ಕೊಂದು ದೊಡ್ಡ ನಮಸ್ಕಾರ

ಮತ್ತೆ ಮಳೆ ಬಂತು, ಮತ್ತೆ ಗುಂಡಿ ಬಿತ್ತು, ಮತ್ತೆ ಮಂತ್ರಿಗಳು ಮೈಕ್ ಮುಂದೆ ಬಂದು ನಿಂತರು. ಮುಂದೆ ಏನು ಹೇಳುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು, ಮೈಕ್ ಹಿಡಿದ ಹುಡುಗನಿಗೂ ಗೊತ್ತು. ಅವನು ಟೀವಿಯ ಕೆಳಪಟ್ಟಿಯನ್ನು ಆಗಲೇ ಟೈಪ್ ಮಾಡಿಸಿ ಇಟ್ಟುಕೊಂಡಿರುತ್ತಾನೆ: "ಇದೆಲ್ಲ ಹಿಂದಿನ ಸರ್ಕಾರದ ಪಾಪದ ಕೂಸು."

ಈ ಕೂಸಿಗೆ ಈಗ ವಯಸ್ಸೆಷ್ಟು ಅಂತ ಮಾತ್ರ ಯಾರೂ ಕೇಳುವುದಿಲ್ಲ. 2023ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಬಿಜೆಪಿ ಹೋಗಿ ಕಾಂಗ್ರೆಸ್ ಸರ್ಕಾರ ಬಂತು. ಆವತ್ತು ಹುಟ್ಟಿದ ಮಕ್ಕಳು ಅಂಗನವಾಡಿಯಲ್ಲಿ ಮೊಟ್ಟೆ ತಿನ್ನುವ ವಯಸ್ಸಿಗೆ ಬಂದವು. ಈ ಕೂಸು ಮಾತ್ರ ಇನ್ನೂ ತೊಟ್ಟಿಲಲ್ಲೇ ಇದೆ. ಪತ್ರಿಕಾಗೋಷ್ಠಿ ಇದ್ದಾಗೊಮ್ಮೆ ಎತ್ತಿ ತೋರಿಸಿ ಮತ್ತೆ ಮಲಗಿಸುತ್ತಾರೆ.

ನನಗಂತೂ ಹಿಂದಿನ ಸರ್ಕಾರದ ಮೇಲೆ ದಿನೇ ದಿನೇ ಭಕ್ತಿ ಜಾಸ್ತಿಯಾಗುತ್ತಿದೆ. ಅಧಿಕಾರದಲ್ಲಿದ್ದಾಗ ಒಂದು ಚರಂಡಿಯ ಹೂಳೆತ್ತದವರು ಅಧಿಕಾರ ಹೋದ ಮೇಲೆ ಎಷ್ಟೊಂದು ಕೆಲಸ ಮಾಡುತ್ತಿದ್ದಾರೆ ನೋಡಿ! ರಾತ್ರೋರಾತ್ರಿ ಗುಂಡಿ ತೋಡುತ್ತಾರೆ. ಖಜಾನೆ ಖಾಲಿ ಮಾಡುತ್ತಾರೆ. ಗುತ್ತಿಗೆದಾರರ ಬಿಲ್ ತಡೆಯುತ್ತಾರೆ. ಬಸ್ ದರವನ್ನೂ ಅವರೇ ಏರಿಸುತ್ತಾರೆ. ಸಂಬಳವಿಲ್ಲ, ಸರ್ಕಾರಿ ಕಾರಿಲ್ಲ, ಬಂಗಲೆಯೂ ಹೋಯಿತು. ಆದರೂ ಹಗಲೂ ರಾತ್ರಿ ದುಡಿಯುತ್ತಿದ್ದಾರೆ. ಇಂಥವರನ್ನು ಸೋಲಿಸಿಬಿಟ್ಟೆವಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಅಂದ ಹಾಗೆ, ಈ ವ್ಯಾಪಾರಕ್ಕೆ ಕಚ್ಚಾ ಮಾಲು ಸರಬರಾಜು ಮಾಡುವವರು ನಾವೇ. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷವನ್ನು ಗೆಲ್ಲಿಸಿದ್ದೇ ಕೊನೆ. ಆಮೇಲೆ ಯಾವ ಪಕ್ಷಕ್ಕೂ ಕನ್ನಡಿಗರು ಸತತ ಎರಡನೇ ಸಲ ಬಹುಮತ ಕೊಟ್ಟಿಲ್ಲ. ಗದ್ದುಗೆ ಏರಿದ ಪ್ರತಿಯೊಬ್ಬರಿಗೂ ಬೈಯಲು ಒಬ್ಬರನ್ನು ನಾವೇ ಹೊಂದಿಸಿಕೊಡುತ್ತಾ ಬಂದಿದ್ದೇವೆ. ಅವರು ಸುಮ್ನೆ ಬಂದು ಬೈದರೆ ಸಾಕು.

ಈ ಸೌಲಭ್ಯ ಸಿಗದೆ ನಿಜವಾಗಿ ಕಷ್ಟಪಟ್ಟವರು ಬಸವರಾಜ ಬೊಮ್ಮಾಯಿ. ಪಾಪ, 2021ರ ಜುಲೈನಲ್ಲಿ ಅವರು ಕುರ್ಚಿಯಲ್ಲಿ ಕೂತಾಗ ಹಿಂದಿನ ಮುಖ್ಯಮಂತ್ರಿ ಯಾರು? ಯಡಿಯೂರಪ್ಪ! ಅದೇ ಪಕ್ಷ, ಅದೇ ಶಾಸಕರು, ಕುರ್ಚಿಗೆ ಇವರ ಹೆಸರು ಬಂದದ್ದೂ ಅವರಿಂದಲೇ. ಬೈಯುವ ಹಾಗಿಲ್ಲ. ಖಜಾನೆ ಖಾಲಿ ಅನ್ನುವ ಹಾಗಿಲ್ಲ. ಗುಂಡಿ ಕಂಡರೂ "ಮಾನ್ಯ ಯಡಿಯೂರಪ್ಪನವರ ಮಾರ್ಗದರ್ಶನದಲ್ಲಿ" ಅಂತಲೇ ಮಾತು ಶುರು ಮಾಡಬೇಕು. ಬೈಯಲೇಬೇಕಾದರೆ ಒಂದು ಮೆಟ್ಟಿಲು ಹಿಂದಕ್ಕೆ ಹಾರಿ ಕುಮಾರಸ್ವಾಮಿಯವರ ಮೈತ್ರಿ ಸರ್ಕಾರವನ್ನು ಹಿಡಿಯಬೇಕು. ಅಲ್ಲೂ ನೆಮ್ಮದಿಯಿಲ್ಲ. ಆ ಮೈತ್ರಿಯನ್ನು ಬೀಳಿಸಿ ಈ ಕಡೆ ಬಂದವರು ಇವರದೇ ಸಂಪುಟದಲ್ಲಿ ಮಂತ್ರಿಗಳಾಗಿ ಎದುರಿಗೇ ಕೂತಿದ್ದರು.

ಹೀಗೆ ಹಿಂದಿನ ಸರ್ಕಾರದಿಂದ ಇಂದಿನ ಸರ್ಕಾರಕ್ಕೆ ಜನ ಓಡಾಡುತ್ತಲೇ ಇರುತ್ತಾರೆ. 2019ರಿಂದ ಎರಡು ವರ್ಷ ಬಿಜೆಪಿಯ ಉಪಮುಖ್ಯಮಂತ್ರಿಯಾಗಿದ್ದ ಲಕ್ಷ್ಮಣ ಸವದಿಯವರು 2023ರಲ್ಲಿ ಅಥಣಿಯಿಂದ ಗೆದ್ದದ್ದು ಕಾಂಗ್ರೆಸ್ ಟಿಕೆಟ್ ಮೇಲೆ. ಹಿಂದಿನ ಸರ್ಕಾರದ ಪಾಪದ ಬಗ್ಗೆ ಆಡಳಿತ ಪಕ್ಷದವರು ಗುಡುಗುವಾಗ ಆ ಸರ್ಕಾರದ ಒಂದು ತುಂಡು ಅವರದೇ ಸಾಲಿನಲ್ಲಿ ಕೂತಿತ್ತು. ಜಗದೀಶ ಶೆಟ್ಟರ್ ಅವರದು ಇನ್ನೂ ಚೆಂದ. ಬಿಜೆಪಿಯ ಮುಖ್ಯಮಂತ್ರಿಯಾಗಿದ್ದವರು 2023ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ಸಿಗೆ ಹೋದರು, 2024ರ ಜನವರಿಯಲ್ಲಿ ವಾಪಸ್ ಬಂದರು, ಬೆಳಗಾವಿಯ ಸಂಸದರೂ ಆದರು. ಈ ವೇಗಕ್ಕೆ ವಕ್ತಾರರು ಹೊಂದಿಕೊಳ್ಳುವುದು ಹೇಗೆ? ಬೆಳಿಗ್ಗೆ ಬೈದವರನ್ನು ಸಂಜೆ ಸ್ವಾಗತಿಸಬೇಕು. ಹಾರ ಬಾಡುವಷ್ಟರಲ್ಲಿ ಮತ್ತೆ ಬೈಯಬೇಕು.

ಈ ಕಲೆ ತುತ್ತತುದಿ ಮುಟ್ಟಿದ್ದನ್ನು ನೋಡಬೇಕೆಂದರೆ ನೀವು ಬೆಂಗಳೂರಿನ ಈಜಿಪುರಕ್ಕೆ ಹೋಗಬೇಕಿತ್ತು. ಈಜಿಪುರದಿಂದ ಕೋರಮಂಗಲದ ಕೇಂದ್ರೀಯ ಸದನದವರೆಗೆ ಸುಮಾರು ಎರಡೂವರೆ ಕಿಲೋಮೀಟರ್ ಮೇಲ್ಸೇತುವೆ. ಕೆಲಸ ಶುರುವಾದದ್ದು 2017ರಲ್ಲಿ, ಸಿದ್ದರಾಮಯ್ಯ ಮುಖ್ಯಮಂತ್ರಿ. ಮಧ್ಯೆ ಕುಮಾರಸ್ವಾಮಿ ಬಂದರು, ಹೋದರು. ಕೆಲಸ ಮುಗಿಯಬೇಕಿದ್ದದ್ದು 2019ರಲ್ಲಿ, ಆಗ ಯಡಿಯೂರಪ್ಪ. ಗುತ್ತಿಗೆ ರದ್ದಾದದ್ದು 2022ರಲ್ಲಿ, ಆಗ ಬೊಮ್ಮಾಯಿ. ಹೊಸ ಗುತ್ತಿಗೆದಾರರು ಬಂದು ಕೆಲಸ ಮತ್ತೆ ಶುರುವಾದದ್ದು 2023ರ ಕೊನೆಯಲ್ಲಿ. ಮುಖ್ಯಮಂತ್ರಿ ಯಾರು? ಸಿದ್ದರಾಮಯ್ಯ!

ಅಷ್ಟು ವರ್ಷ ಆ ಕಂಬಗಳು ತಲೆಯ ಮೇಲೆ ಕಬ್ಬಿಣದ ಸರಳು ಕೆದರಿಕೊಂಡು ನಿಂತಿದ್ದವು. ಮಳೆ ಬಂದಾಗಲೆಲ್ಲ ತುಕ್ಕಿನ ನೀರು ಕಾಂಕ್ರೀಟಿನ ಮೇಲೆ ಗೆರೆ ಎಳೆಯುತ್ತಿತ್ತು. ಕೆಳಗೆ ಟಿನ್ ಶೀಟಿನ ಬೇಲಿ, ಬೇಲಿಯ ಪಕ್ಕದಲ್ಲಿ ಒಂದು ಕಾರಿನಷ್ಟು ಜಾಗ, ಆ ಜಾಗದಲ್ಲಿ ಮೂರು ಆಟೋ, ಒಂದು ಬಿಎಂಟಿಸಿ ಬಸ್ಸು, ಇಪ್ಪತ್ತು ಸ್ಕೂಟರು. ಈಗ ಹೇಳಿ, ಈ ಕಂಬಕ್ಕೆ ಹಿಂದಿನ ಸರ್ಕಾರ ಯಾವುದು? ಸಿದ್ದರಾಮಯ್ಯನವರು ಬೊಮ್ಮಾಯಿಯನ್ನು ಬೈದರೆ, ಬೊಮ್ಮಾಯಿ ಹಿಂದೆ ತಿರುಗಿ ಕುಮಾರಸ್ವಾಮಿಯನ್ನು ತೋರಿಸಿದರೆ, ಕುಮಾರಸ್ವಾಮಿ ತಮ್ಮ ಹಿಂದಿನವರತ್ತ ಬೆರಳು ಮಾಡಿದರೆ, ಆ ಬೆರಳಿನ ತುದಿಯಲ್ಲಿ ಮತ್ತೆ ಸಿದ್ದರಾಮಯ್ಯನವರೇ ನಿಂತಿರುತ್ತಾರೆ. ತಮ್ಮ ವೈಫಲ್ಯಕ್ಕೆ ತಮ್ಮನ್ನೇ ಹೊಣೆ ಮಾಡುವ ಅಪರೂಪದ ಅವಕಾಶ ಅವರಿಗಿತ್ತು. ಸುಮ್ಮನೆ ಬಿಟ್ಟುಬಿಟ್ಟರು.

ಖಜಾನೆಯ ಕಥೆಯೂ ಹೀಗೇ. 2025ರ ಮಾರ್ಚ್‌ನಲ್ಲಿ ಅವರು ಮಂಡಿಸಿದ್ದು 16ನೇ ಬಜೆಟ್. ರಾಜ್ಯದ ಖಜಾನೆಯ ಬೀಗದ ಕೈ ಅವರಷ್ಟು ಸಲ ಸೊಂಟಕ್ಕೆ ಸಿಕ್ಕಿಸಿಕೊಂಡವರು ಇನ್ನೊಬ್ಬರಿಲ್ಲ. ಆದರೂ ಅವರ ಪಕ್ಷದವರು ಒಳಗೆ ಇಣುಕಿ "ಅಯ್ಯೋ, ಯಾರೋ ಖಾಲಿ ಮಾಡಿದ್ದಾರೆ" ಅಂದಾಗ ನಾವು ನಂಬಬೇಕು.

ನಲವತ್ತು ಪರ್ಸೆಂಟ್ ಕಮಿಷನ್ ಗಲಾಟೆ ನೆನಪಿದೆ ಅಲ್ವಾ? ಬೊಮ್ಮಾಯಿಯವರ ಮುಖಕ್ಕೆ ಕ್ಯೂಆರ್ ಕೋಡ್ ಹಾಕಿ ಕಾಂಗ್ರೆಸ್ಸಿನವರು ಪೇಸಿಎಂ ಪೋಸ್ಟರ್ ಅಂಟಿಸಿದ್ದರು. ಚೆನ್ನಾಗಿತ್ತು, ನಾನೂ ನಕ್ಕಿದ್ದೆ. ಆ ನಲವತ್ತರ ಆರೋಪ ಮಾಡಿದ್ದ ಗುತ್ತಿಗೆದಾರರ ಸಂಘದ ಅಧ್ಯಕ್ಷರೇ 2024ರ ಫೆಬ್ರುವರಿಯಲ್ಲಿ, ಸರ್ಕಾರ ಬದಲಾದರೂ ಕಮಿಷನ್ ನಿಂತಿಲ್ಲ ಅಂದರು. ಆಗ ಯಾಕೋ ಯಾರ ಹತ್ತಿರವೂ ಗೋಂದು ಇರಲಿಲ್ಲ.

ಬಿಜೆಪಿಯವರು ಇದನ್ನೆಲ್ಲ ಓದಿ ಚಪ್ಪಾಳೆ ತಟ್ಟುವುದು ಬೇಡ. ಈ ವಿದ್ಯೆಗೆ ವಿಶ್ವವಿದ್ಯಾಲಯ ಇರುವುದು ದೆಹಲಿಯಲ್ಲಿ. 2021ರಲ್ಲಿ ಪೆಟ್ರೋಲ್ ನೂರು ದಾಟಿತು. ಸುಂಕ ಇಳಿಸಿ ಅಂದರೆ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, ಮನಮೋಹನ್ ಸಿಂಗ್ ಅವರ ಯುಪಿಎ ಸರ್ಕಾರ 1.44 ಲಕ್ಷ ಕೋಟಿ ರೂಪಾಯಿಯ ತೈಲ ಬಾಂಡ್ ಮಾಡಿಟ್ಟು ಹೋಗಿದೆ, ಅದನ್ನು ತೀರಿಸುತ್ತಾ ಇದ್ದೇವೆ ಅಂದರು. ಇಂಧನದ ಸುಂಕದಲ್ಲಿ ಅದಕ್ಕಿಂತ ಜಾಸ್ತಿ ದುಡ್ಡು ಒಂದೇ ವರ್ಷದಲ್ಲಿ ಬಂದಿತ್ತು, ಅದು ಬೇರೆ ಮಾತು. ನಾನು ಬಂಕ್‌ನಲ್ಲಿ ಸ್ಕೂಟರಿಗೆ ಇನ್ನೂರು ರೂಪಾಯಿಯ ಪೆಟ್ರೋಲ್ ಹಾಕಿಸುತ್ತಾ ಮನಮೋಹನ್ ಸಿಂಗ್ ಅವರನ್ನು ನೆನೆಯಬೇಕಿತ್ತು. ನೆನೆದೆ. ಆದರೆ ಸಚಿವೆ ಬಯಸಿದ ರೀತಿಯಲ್ಲಲ್ಲ.

2024ರ ಫೆಬ್ರುವರಿಯ ಆ ವಾರವಂತೂ ಮರೆಯುವ ಹಾಗಿಲ್ಲ. 7ರಂದು ನಮ್ಮ ಮುಖ್ಯಮಂತ್ರಿ, ಉಪಮುಖ್ಯಮಂತ್ರಿ, ಮಂತ್ರಿಗಳೆಲ್ಲ ಜಂತರ್ ಮಂತರ್‌ನಲ್ಲಿ ಕೂತು ಎಲ್ಲಕ್ಕೂ ಕೇಂದ್ರವೇ ಕಾರಣ ಅಂದರು. ತೆರಿಗೆ ಪಾಲಿನ ತಕರಾರಿನಲ್ಲಿ ಹುರುಳಿಲ್ಲ ಅಂತಲ್ಲ, ಇದೆ. ಮರುದಿನ, 8ರಂದು, ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಶ್ವೇತಪತ್ರ ಮಂಡಿಸಿತು. ಯಾರ ಮೇಲೆ? 2014ರಲ್ಲಿ ಸೋತು ಹೋದ ಯುಪಿಎ ಮೇಲೆ! ಹತ್ತು ವರ್ಷ ಆಳಿದ ಮೇಲೆ, ಮುಂದಿನ ಚುನಾವಣೆ ಬಾಗಿಲಲ್ಲಿರುವಾಗ, ಹಿಂದಿನವರು ಏನು ಹಾಳು ಮಾಡಿದ್ದರು ಅಂತ ವರದಿ. ಅದೇ ದಿನ ಕಲಬುರಗಿಯ ನಮ್ಮ ಖರ್ಗೆಯವರು ಕಪ್ಪುಪತ್ರ ಬಿಟ್ಟರು. ಒಬ್ಬರದು ಬಿಳಿ, ಒಬ್ಬರದು ಕಪ್ಪು. ನಮ್ಮ ಪಾಲಿಗೆ ಬಂದದ್ದು ಎಂದಿನ ಹಾಗೆ ಪಂಗನಾಮ.

ನೆಹರು ಬಗ್ಗೆ ಏನು ಹೇಳಲಿ. ಆ ಮನುಷ್ಯ ತೀರಿಕೊಂಡದ್ದು 1964ರಲ್ಲಿ. ಇವತ್ತಿಗೂ ರಜೆಯಿಲ್ಲದೆ ಡ್ಯೂಟಿ ಮಾಡುತ್ತಿದ್ದಾರೆ.

ಇಷ್ಟೆಲ್ಲ ಅಂದರೂ ಹಿಂದಿನ ಸರ್ಕಾರ ಥಟ್ಟನೆ ಮಾಯವಾಗುವ ಒಂದು ಗಳಿಗೆ ಇದೆ. ಅದು ರಿಬ್ಬನ್ ಕತ್ತರಿಸುವ ಗಳಿಗೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. 118 ಕಿಲೋಮೀಟರ್, 8,480 ಕೋಟಿ ರೂಪಾಯಿ. ಅದಕ್ಕೆ ಮೊದಲು ಎಂಥ ಜಗಳ! ನಾವು ಮಂಜೂರು ಮಾಡಿಸಿದ್ದು ಅಂತ ಕಾಂಗ್ರೆಸ್, ನಾವು ಕಟ್ಟಿಸಿದ್ದು ಅಂತ ಬಿಜೆಪಿ, ಮಧ್ಯೆ ನಮ್ಮ ಪಾಲೂ ಇದೆ ಅಂತ ಜೆಡಿಎಸ್. ವಾರ ಕಳೆಯುವುದರೊಳಗೆ ಒಂದು ರಾತ್ರಿ ಮಳೆ ಬಿತ್ತು. ರಾಮನಗರದ ಹತ್ತಿರ ನೀರು ನಿಂತು ಕಾರುಗಳು ಕೆಟ್ಟು ಕೂತವು. ನಮ್ಮದು ನಮ್ಮದು ಅಂದವರು ಬೆಳಿಗ್ಗೆ ಯಾರೂ ಕಾಣಲಿಲ್ಲ. ನೀರಿನಲ್ಲಿ ನಿಂತಿದ್ದ ಕಾರಿನವನಿಗೆ ರಸ್ತೆ ಯಾರದ್ದು ಅಂತ ತಿಳಿಯಲಿಲ್ಲ. ಟೋಲ್ ರಸೀದಿ ಮಾತ್ರ ಅವನ ಹೆಸರಿಗೇ ಬಂತು.

ಇಲ್ಲಿಯವರೆಗೆ ನಕ್ಕೆವು. ಈಗ ಸ್ವಲ್ಪ ನಗಲಾಗದ ಮಾತು.

2023ರ ಮೇ 20, ಶನಿವಾರ, ಹೊಸ ಸರ್ಕಾರದ ಪ್ರಮಾಣವಚನ. ಮರುದಿನ ಭಾನುವಾರ ಮಧ್ಯಾಹ್ನ ಆಲಿಕಲ್ಲು ಮಳೆ. ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ನೀರು ತುಂಬಿ, ಕಾರಿನಲ್ಲಿದ್ದ ಒಬ್ಬ ಹುಡುಗಿ ಸತ್ತಳು. 22 ವರ್ಷ. ಊರು ನೋಡಲು ಬಂದ ಮನೆಯವರ ಜೊತೆ ಹೊರಟಿದ್ದಳು. ವಿಧಾನಸೌಧದಿಂದ ನಡೆದುಕೊಂಡು ಹೋಗುವಷ್ಟು ದೂರದ ಜಾಗ ಅದು. ಆವತ್ತು "ಹಿಂದಿನ ಸರ್ಕಾರ" ಅಂದಿದ್ದರೆ ನಾವ್ಯಾರೂ ತಕರಾರು ಮಾಡುತ್ತಿರಲಿಲ್ಲ. ಒಂದೇ ದಿನ ಆಗಿತ್ತು. ಆ ಒಂದು ದಿನದ ಮಟ್ಟಿಗೆ ಆ ಮಾತು ನಿಜ. ಆದರೆ ಎರಡು ವರ್ಷ ಕಳೆದು, 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತಾಗಲೂ, ಕುಂಭಮೇಳದಲ್ಲೂ ಜನ ಸತ್ತಿದ್ದರಲ್ಲ ಎಂಬ ಮಾತು ಮುಖ್ಯಮಂತ್ರಿಗಳ ಬಾಯಿಂದ ಬಂತು. ಗುಂಡಿ ಅಂದರೆ ದೆಹಲಿಯ ಪ್ರಧಾನಿ ಮನೆಯ ರಸ್ತೆಯಲ್ಲೂ ಗುಂಡಿಯಿದೆ ಅಂತ ಉಪಮುಖ್ಯಮಂತ್ರಿಗಳು ಅಂದರು.

ಸ್ವಾಮಿ, ಇರಬಹುದು. ಅಲ್ಲೂ ಗುಂಡಿ ಇರಬಹುದು, ಅವರ ಕಾಲದಲ್ಲೂ ಇತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆಯಿದೆ. ನಮ್ಮಲ್ಲಿ ನೆಲ ನಿಜವಾಗಿಯೂ ಡೊಂಕೇ. ಅದು ನಮಗೆ ಗೊತ್ತು, ಅದರ ಮೇಲೆ ದಿನಾ ಓಡಾಡುವವರು ನಾವು. ಹಿಂದಿನವರು ಸರಿಯಿಲ್ಲ ಅಂತ ಗೊತ್ತಾಗಿಯೇ ಅವರನ್ನು 66 ಸೀಟಿಗೆ ಇಳಿಸಿ ನಿಮಗೆ 135 ಕೊಟ್ಟದ್ದು. ತೀರ್ಪು ಆಗಿಹೋಗಿದೆ, ಶಿಕ್ಷೆಯೂ ಆಗಿದೆ. ಅದೇ ಕೇಸನ್ನು ನಮ್ಮ ಮುಂದೆ ದಿನಾ ಯಾಕೆ ಓದುತ್ತೀರಿ? ನೆಲ ನೆಟ್ಟಗೆ ಮಾಡಿ ಅಂತ ಕರೆಸಿದ್ದು ನಿಮ್ಮನ್ನು. ಕುಣಿಯಿರಿ ಅಂತ ಯಾರು ಕೇಳಿದರು?

ಇರಲಿ, ಬಿಪಿ ಏರಿಸಿಕೊಂಡು ಪ್ರಯೋಜನವಿಲ್ಲ. ಬಿಪಿಯೂ ಹಿಂದಿನ ಸರ್ಕಾರದ್ದೇ ಅಂದುಬಿಟ್ಟಾರು.

ಬೆಂಗಳೂರಿನ ಮಟ್ಟಿಗೆ ಒಂದು ಹೊಸ ಅನುಕೂಲ ಆಗಿರುವುದನ್ನು ಮಾತ್ರ ಒಪ್ಪಬೇಕು. ಬಿಬಿಎಂಪಿ 2007ರಲ್ಲಿ ಹುಟ್ಟಿತು. ಅದಕ್ಕೆ ಚುನಾವಣೆ ನಡೆದದ್ದು ಎರಡೇ ಸಲ, 2010 ಮತ್ತು 2015. 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ಬಿಜೆಪಿಯವರೂ ಚುನಾವಣೆ ಮಾಡಲಿಲ್ಲ, ಕಾಂಗ್ರೆಸ್ಸಿನವರೂ ಮಾಡಲಿಲ್ಲ. ಆ ಒಂದು ವಿಷಯದಲ್ಲಿ ಮಾತ್ರ ಹಿಂದಿನ ಸರ್ಕಾರದ ನೀತಿ ಇಂದಿನವರಿಗೆ ತುಂಬಾ ಹಿಡಿಸಿತು. ಕೊನೆಗೆ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯನ್ನೇ ಮಣ್ಣು ಮಾಡಿ, ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಕೆಳಗೆ ಐದು ಪಾಲಿಕೆ ಮಾಡಿದರು.

ಎಂಥ ಯೋಜನೆ! ಮೊದಲು ಬೈಯಲು ಹಿಂದೆ ಮಾತ್ರ ಒಬ್ಬರಿದ್ದರು. ಈಗ ಎಡಕ್ಕೆ ಬಲಕ್ಕೆ ಪಕ್ಕದ ಪಾಲಿಕೆಗಳಿವೆ. ರಸ್ತೆಯ ಎಡಬದಿ ಒಂದು ಪಾಲಿಕೆಗೆ, ಬಲಬದಿ ಇನ್ನೊಂದಕ್ಕೆ ಸೇರಿದ್ದರೆ ನಡುವಿನ ಗುಂಡಿಗೆ ಅಪ್ಪನೇ ಇಲ್ಲ. ಮೇಲಾಗಿ ಬಿಬಿಎಂಪಿ ಸತ್ತಿದೆ. ಸತ್ತವರು ಪತ್ರಿಕಾಗೋಷ್ಠಿ ಕರೆದು ಸ್ಪಷ್ಟನೆ ಕೊಡುವುದಿಲ್ಲ. ಮುಂದಿನ ಮಳೆಗಾಲದಲ್ಲಿ ನಿಮ್ಮ ಬೀದಿಯಲ್ಲಿ ಹೊಸ ಗುಂಡಿ ಬಿದ್ದು, ಫೋನ್ ಮಾಡಿ, ಅರ್ಧ ಗಂಟೆ ಸಂಗೀತ ಕೇಳಿದ ಮೇಲೆ ಆ ಕಡೆಯಿಂದ ಬರುವ ಉತ್ತರವನ್ನು ಈಗಲೇ ಬರೆದಿಟ್ಟುಕೊಳ್ಳಿ: "ಸಾರ್, ಅದು ಬಿಬಿಎಂಪಿ ಕಾಲದ ಗುಂಡಿ. ನಮ್ಮ ಗುಂಡಿ ಇನ್ನೂ ಟೆಂಡರ್ ಹಂತದಲ್ಲಿದೆ."