ಪ್ರಿಂಟರ್ ‘ರೆಡಿ’ ಅಂತೆ, ಹಾಳೆ ಮಾತ್ರ ಬರಲ್ಲ

ಡಬ್ಬದ ಮೇಲೆ ‘ಎಲ್ಲ ಕಂಪ್ಯೂಟರಿಗೂ ಹೊಂದುತ್ತದೆ’ ಅಂತ ಅಚ್ಚು ಹಾಕಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಸಿಕ್ಕಿದರೆ ನಮ್ಮ ತೋಟದ ಆಫೀಸ್ ರೂಮಿಗೆ ಕರೆದುಕೊಂಡು ಬನ್ನಿ. ಸೋಮವಾರಪೇಟೆ ಕಡೆ ಈಗ ಪುನರ್ವಸು ಮಳೆ ಹಿಡಿದುಕೊಂಡಿದೆ. ಕರೆಂಟ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಬಾಗಿಲಲ್ಲಿ ಮೇಸ್ತ್ರಿ ನೀರು ಸೋರುವ ಕೊಡೆ ಹಿಡಿದು ಚೆಕ್‌ರೋಲ್‌ಗೆ, ಅಂದ್ರೆ ಆಳುಗಳ ಹಾಜರಿ-ಕೂಲಿ ಪಟ್ಟಿಗೆ, ಕಾಯುತ್ತಿದ್ದಾರೆ. ನಾಳೆ ಬಟವಾಡೆ. ಆ ಪುಣ್ಯಾತ್ಮ ಇಲ್ಲಿ ಕೂತು ಒಂದೇ ಒಂದು ಹಾಳೆ ಪ್ರಿಂಟ್ ತೆಗೆದು ತೋರಿಸಲಿ. ಊಟ ಹಾಕಿ ಕಳಿಸುತ್ತೇನೆ.

ನಾನು ತೋಟದ ರೈಟರ್. ಆಳುಗಳ ಹಾಜರಿ, ಕಳೆ ಹೊಡೆದವರು ಯಾರು, ಗುಂಡಿ ತೆಗೆದವರು ಯಾರು, ಯಾರಿಗೆ ಎಷ್ಟು ಅಡ್ವಾನ್ಸ್ ಹೋಗಿದೆ, ಎಲ್ಲ ನನ್ನ ತಲೆ ಮೇಲೆ. ತೋಟ ದೊಡ್ಡಪ್ಪನದು. ಆಫೀಸಿನ ಲ್ಯಾಪ್‌ಟಾಪ್ ಹಳೆಯದು, ರ್ಯಾಮ್ ಬರೀ ಎರಡು ಜಿಬಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದ್ರೆ ಕನಿಷ್ಠ ನಾಲ್ಕು ಜಿಬಿ ರ್ಯಾಮ್ ಬೇಕು, ಟಿಪಿಎಂ 2.0 ಅನ್ನೋ ಚಿಪ್ ಬೇಕು. ನಮ್ಮದರಲ್ಲಿ ಎರಡೂ ಇಲ್ಲ. ಯಂತ್ರ ಗಟ್ಟಿಯಾಗಿದೆ, ಗುಜರಿಗೆ ಹಾಕಲು ದೊಡ್ಡಪ್ಪನಿಗೂ ಮನಸ್ಸಿಲ್ಲ, ನನಗೂ ಇಲ್ಲ. ವಿಂಡೋಸ್ ತೆಗೆದು ಲಿನಕ್ಸ್ ಅನ್ನೋ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿದೆ, ಡೆಬಿಯನ್ ಅನ್ನೋ ಲಿನಕ್ಸ್ ಮೇಲೆ ಕಟ್ಟಿದ ಒಂದು ಹಗುರ ಆವೃತ್ತಿ. ಬಟನ್ ಒತ್ತಿದರೆ ಸರಕ್ಕನೆ ಏಳುತ್ತದೆ. ಲಿಬ್ರೆಆಫೀಸ್‌ನಲ್ಲಿ ಚೆಕ್‌ರೋಲ್ ಆರಾಮಾಗಿ ತೆರೆಯುತ್ತದೆ. ಶುರುವಿನಲ್ಲಿ ಆಳುಗಳ ಹೆಸರಿನ ಜಾಗದಲ್ಲೆಲ್ಲ ಚೌಕ ಚೌಕ ಕಾಣಿಸುತ್ತಿತ್ತು. ಗುಬ್ಬಿ, ನವಿಲು ಅಂತ ಕನ್ನಡ ಫಾಂಟ್‌ಗಳಿವೆ, ಹಾಕಿದ ಕೂಡಲೇ ಸರಿಹೋಯಿತು. ಇಷ್ಟರ ತನಕ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ಆಮೇಲೆ ಈ ವೈಫೈ ಪ್ರಿಂಟರ್ ಬಂತು.

ಫೋನಿನಿಂದ ಕೊಟ್ಟರೆ ತಕ್ಷಣ ಪ್ರಿಂಟ್ ಬರುತ್ತದೆ. ದೊಡ್ಡಪ್ಪನ ಮೊಮ್ಮಗಳು ಸೋಫಾ ಮೇಲೆ ಮಲಗಿಕೊಂಡೇ ನಾಯಿಯ ಫೋಟೋ ತೆಗೆದು ಪ್ರಿಂಟ್ ಹಾಕಿದಳು. ಬಣ್ಣ ಬಣ್ಣದ್ದು. ಲ್ಯಾಪ್‌ಟಾಪ್ ಅದೇ ರೂಮಿನಲ್ಲಿದೆ, ಅದೇ ವೈಫೈಯಲ್ಲಿದೆ. ಪಟ್ಟಿ ತೆಗೆದು ನೋಡಿದರೆ ಒಂದೂ ಪ್ರಿಂಟರ್ ಇಲ್ಲ.

“ಏನೋ ಮಗಾ, ಮಗು ಫೋನಲ್ಲಿ ತೆಗೀತಾಳೆ, ನಿನ್ನ ಕಂಪ್ಯೂಟರಿಗೆ ಬರಲ್ವಾ?”

“ಬರುತ್ತೆ ದೊಡ್ಡಪ್ಪ, ಸ್ವಲ್ಪ ತಡೀರಿ.”

ಈ ‘ಸ್ವಲ್ಪ ತಡೀರಿ’ ಅನ್ನೋದನ್ನ ಈ ಮಳೆಗಾಲದಲ್ಲಿ ನಾನು ಹೇಳಿದಷ್ಟು ಇನ್ನ್ಯಾರೂ ಹೇಳಿರಲಿಕ್ಕಿಲ್ಲ.

ನನ್ನ ಸಿಟ್ಟು ಏನು ಅಂತ ಸರಿಯಾಗಿ ಹೇಳಿಬಿಡುತ್ತೇನೆ. ಯಂತ್ರ ಕೆಡುವುದು ಇದ್ದದ್ದೇ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೆಡುತ್ತದೆ, ಪಂಪ್‌ಸೆಟ್ ಕೆಡುತ್ತದೆ. ಆದರೆ ಅವು ಕೆಟ್ಟರೆ ಕೆಟ್ಟಿದೆ ಅಂತ ಗೊತ್ತಾಗುತ್ತದೆ. ಸದ್ದು ಬರುತ್ತದೆ, ಹೊಗೆ ಬರುತ್ತದೆ. ಈ ಪ್ರಿಂಟರ್ ವ್ಯವಹಾರದಲ್ಲಿ ಯಾವುದೂ ಬಾಯಿ ಬಿಡುವುದಿಲ್ಲ. ಪ್ರಿಂಟರ್ ‘ರೆಡಿ’ ಅನ್ನುತ್ತದೆ. ಲಿನಕ್ಸ್ ‘ಐಡಲ್’ ಅನ್ನುತ್ತದೆ. ರೂಟರ್ ಹಸಿರು ದೀಪ ಉರಿಸಿಕೊಂಡು ಕೂತಿದೆ. ಎಲ್ಲರೂ ಸರಿಯಾಗೇ ಇದ್ದಾರೆ, ಹಾಳೆ ಮಾತ್ರ ಬರುತ್ತಿಲ್ಲ!

ಪಟ್ಟಿಯಲ್ಲಿ ಪ್ರಿಂಟರ್ ಕಾಣದ್ದಕ್ಕೆ ಕಾರಣ ಏನು ಗೊತ್ತಾ? ಈ ಕಾಲದ ಪ್ರಿಂಟರ್‌ಗಳು ‘ನಾನಿಲ್ಲಿದ್ದೇನೆ’ ಅಂತ ನೆಟ್‌ವರ್ಕ್‌ನಲ್ಲಿ ಕೂಗಿ ಹೇಳುತ್ತವೆ. ಆ ಕೂಗಿಗೆ ಎಂಡಿಎನ್‌ಎಸ್ ಅಂತ ಹೆಸರು, 5353ನೇ ಪೋರ್ಟ್‌ನಲ್ಲಿ ನಡೆಯುತ್ತದೆ. ಪೋರ್ಟ್ ಅಂದ್ರೆ ನೆಟ್‌ವರ್ಕ್‌ನ ಒಂದು ನಂಬರಿನ ಬಾಗಿಲು ಅಂದುಕೊಳ್ಳಿ. ಫೋನಿಗೆ ಅದು ಕೇಳಿಸುತ್ತದೆ. ಲಿನಕ್ಸ್‌ನಲ್ಲಿ ಅದನ್ನು ಕೇಳಿಸಿಕೊಳ್ಳುವುದು ಸಾಮಾನ್ಯವಾಗಿ ಅವಾಹಿ ಅನ್ನೋ ಸಣ್ಣ ಪ್ರೋಗ್ರಾಂ. ನಾನು ಹಾಕಿದ ಲಿನಕ್ಸ್‌ನಲ್ಲಿ ಅದೇ ಇಲ್ಲ. ಹಗುರ ಮಾಡೋದು ಅಂದ್ರೆ ಹೀಗೆ! ಕಿವಿ ಕಿತ್ತು ಹಾಕಿ ತೂಕ ಕಮ್ಮಿ ಮಾಡಿದ್ದಾರೆ. ಬೇಡ ಅಂತ ತೆಗೆದರೆ ತೆಗೆಯಲಿ, ಅದು ಅವರಿಷ್ಟ. ಆದರೆ ‘ಹುಡುಕುವ ಪ್ರೋಗ್ರಾಂ ಇಲ್ಲ, ಹಾಕಿಕೋ’ ಅಂತ ಒಂದು ಸಾಲು ಬರೆದರೆ ಗಂಟೇನು ಹೋಗುತ್ತಿತ್ತು? ಬರೆದಿರುವುದು ‘ಪ್ರಿಂಟರ್ ಸಿಗಲಿಲ್ಲ’ ಅಂತ. ಹುಡುಕದೇ ಸಿಗಲಿಲ್ಲ ಅನ್ನೋದು ಸುಳ್ಳಲ್ವಾ?

ಇದರ ಜೊತೆಗೆ ಇನ್ನೊಂದು ಗೊಂದಲ. 2024ರ ಸೆಪ್ಟೆಂಬರ್‌ನಲ್ಲಿ ನೆಟ್‌ವರ್ಕ್‌ನಲ್ಲಿ ಸಿಕ್ಕ ಪ್ರಿಂಟರ್‌ಗಳನ್ನು ತಾನಾಗೇ ಪಟ್ಟಿಗೆ ಸೇರಿಸುವ ಕಪ್ಸ್-ಬ್ರೌಸ್ಡ್ ಅನ್ನೋ ಪ್ರೋಗ್ರಾಂನಲ್ಲಿ ದೊಡ್ಡ ಭದ್ರತಾ ದೋಷ ಸಿಕ್ಕಿತ್ತು. ಅದನ್ನು ನಿಲ್ಲಿಸಿಡಿ ಅಂತ ಆಗ ಎಲ್ಲ ಕಡೆ ಹೇಳಿದರು, ಸರಿಯಾಗೇ ಹೇಳಿದರು. ಈಗ ಯಾರನ್ನು ಕೇಳಿದರೂ ಅರ್ಧ ಜನ ಅದನ್ನು ಶುರು ಮಾಡು ಅನ್ನುತ್ತಾರೆ, ಅರ್ಧ ಜನ ಮುಟ್ಟಲೇಬೇಡ ಅನ್ನುತ್ತಾರೆ.

ಕಪ್ಸ್ ಅಂದ್ರೆ ಲಿನಕ್ಸ್‌ನಲ್ಲಿ ಪ್ರಿಂಟ್ ಕೆಲಸ ನೋಡಿಕೊಳ್ಳುವ ವ್ಯವಸ್ಥೆ. 1999ರಲ್ಲಿ ಬಂದದ್ದು. ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ 631 ಅಂತ ಹಾಕಿದರೆ ಅದರ ಪುಟ ತೆರೆಯುತ್ತದೆ. ಇಷ್ಟು ವರ್ಷ ಆದಮೇಲೂ ಅದು ಮಾತಾಡುವುದು ಇಂಜಿನಿಯರ್‌ಗಳ ಜೊತೆ ಮಾತ್ರ. ಪ್ರಿಂಟರ್ ಸೇರಿಸು ಅಂತ ಒತ್ತಿದರೆ ಹೆಸರು, ಪಾಸ್‌ವರ್ಡ್ ಕೇಳಿತು. ಕೊಟ್ಟೆ. ‘ಫರ್ಬಿಡನ್’ ಅಂತು. ನನ್ನದೇ ಕಂಪ್ಯೂಟರ್, ನನ್ನದೇ ಪಾಸ್‌ವರ್ಡ್, ನನಗೇ ಪ್ರವೇಶ ಇಲ್ಲ! ‘ಎಲ್‌ಪಿಅಡ್ಮಿನ್’ ಅನ್ನೋ ಗುಂಪಿಗೆ ನಮ್ಮ ಹೆಸರು ಸೇರಿಸಬೇಕಂತೆ. ಸೇರಿಸಿ, ಲಾಗ್ ಔಟ್ ಆಗಿ, ಮತ್ತೆ ಒಳಗೆ ಬರಬೇಕಂತೆ. ಆ ಪುಟದಲ್ಲಿ ಗುಂಪಿನ ಸುದ್ದಿಯೇ ಇಲ್ಲ.

ಹೊರಗಡೆ ಸಿಗುವ ಸಲಹೆಗಳೋ, ಅವು ಇನ್ನೂ ಚೆಂದ. ಎಲ್ಲರೂ ‘ಸಿಸ್ಟಮ್‌ಸಿಟಿಎಲ್ ಕೊಟ್ಟು ಕಪ್ಸ್ ರೀಸ್ಟಾರ್ಟ್ ಮಾಡಿ’ ಅಂತಲೇ ಬರೆಯುತ್ತಾರೆ. ನಮ್ಮ ಲಿನಕ್ಸ್‌ನಲ್ಲಿ ಹಿನ್ನೆಲೆಯ ಪ್ರೋಗ್ರಾಂಗಳನ್ನು ನಡೆಸುವ ಸಿಸ್ಟಮ್‌ಡಿ ಇಲ್ಲ, ಹಾಗಾಗಿ ಆ ಕಮಾಂಡೂ ಇಲ್ಲ. ಇಲ್ಲಿ ‘ಸರ್ವಿಸ್ ಕಪ್ಸ್ ರೀಸ್ಟಾರ್ಟ್’ ಅನ್ನಬೇಕು. ಪರಿಚಯದ ಹುಡುಗನೊಬ್ಬ ಬೆಂಗಳೂರಿನಿಂದ ಫೋನಿನಲ್ಲೇ ವೈದ್ಯ ಮಾಡಿದ. “ಅಣ್ಣಾ, 9100ನೇ ಪೋರ್ಟ್ ಹಾಕಿ, ಜೆನೆರಿಕ್ ಡ್ರೈವರ್ ಕೊಡಿ, ಬಂದೇ ಬರುತ್ತೆ.” ಬಂತು ಮಾರಾಯ. ಹಾಳೆಯ ತುದಿಯಲ್ಲಿ ಒಂದು ಸಾಲು ಗೀಚು, ಉಳಿದದ್ದು ಖಾಲಿ. ಇನ್ನೊಂದು ಹಾಳೆ, ಮತ್ತೊಂದು ಸಾಲು ಗೀಚು. ವೈರ್ ಕೀಳುವ ತನಕ ನಿಲ್ಲಲಿಲ್ಲ. ಕಂಪ್ಯೂಟರ್‌ನಲ್ಲಿ ನೋಡಿದರೆ ‘ಕಂಪ್ಲೀಟೆಡ್’ ಅಂತ ಬರೆದಿದೆ. ಆ ದಾರಿಯಲ್ಲಿ ಡೇಟಾ ಸುಮ್ನೆ ಆಚೆ ತಳ್ಳಿಬಿಡುವುದಷ್ಟೇ, ಪ್ರಿಂಟರ್‌ಗೆ ಅರ್ಥ ಆಯ್ತೋ ಇಲ್ವೋ ಅಂತ ಯಾರು ನೋಡುತ್ತಾರೆ?

ಇಷ್ಟಕ್ಕೂ ಈ ಪ್ರಿಂಟರ್‌ಗೆ ಡ್ರೈವರೇ (ಪ್ರಿಂಟರ್ ಭಾಷೆ ಕಂಪ್ಯೂಟರಿಗೆ ಕಲಿಸುವ ಪ್ರೋಗ್ರಾಂ) ಬೇಡ. ಐಪಿಪಿ ಎವ್ರಿವೇರ್ ಅಂತ ಒಂದು ಪದ್ಧತಿ 2013ರಿಂದ ಇದೆ. ಪ್ರಿಂಟರ್ ತನಗೆ ಏನೇನು ಬರುತ್ತದೆ ಅಂತ ತಾನೇ ಹೇಳುತ್ತದೆ, ಕಂಪ್ಯೂಟರ್ ಅದನ್ನು ಕೇಳಿ ಹಾಗೇ ಕಳಿಸುತ್ತದೆ. ಫೋನಿನಲ್ಲಿ ನಡೆಯುವುದೂ ಹೆಚ್ಚುಕಮ್ಮಿ ಇದೇ. ಆದರೆ ಪ್ರಿಂಟರ್ ಕಂಪನಿಯ ಸಹಾಯವಾಣಿಯವರಿಗೆ ಇದರ ಗಂಧಗಾಳಿಯೂ ಇಲ್ಲ. “ಸರ್, ಲಿನಕ್ಸ್ ಸಪೋರ್ಟ್ ಇಲ್ಲ ಸರ್. ನಮ್ಮ ಆ್ಯಪ್ ಡೌನ್‌ಲೋಡ್ ಮಾಡಿ ಸರ್.” ಡಬ್ಬದ ಮೇಲೆ ಎಲ್ಲದಕ್ಕೂ ಹೊಂದುತ್ತದೆ ಅಂತ ಇದೆಯಲ್ಲಮ್ಮಾ ಅಂದೆ. “ಹೌದು ಸರ್, ಎಲ್ಲ ಫೋನಿಗೂ ಹೊಂದುತ್ತದೆ ಸರ್.” ಆ ಹುಡುಗಿಯನ್ನು ಬೈದು ಏನು ಪ್ರಯೋಜನ? ಅವಳ ಮುಂದೆ ಇಟ್ಟ ಕಾಗದದಲ್ಲಿ ಅಷ್ಟೇ ಬರೆದಿರಬೇಕು.

ಕೊನೆಗೆ ನೆಟ್‌ವರ್ಕ್‌ನಲ್ಲಿ ಪ್ರಿಂಟರ್ ಇರುವ ಐಪಿಪಿ ವಿಳಾಸ ಕೈಯಲ್ಲೇ ಟೈಪ್ ಮಾಡಿ, ಮಾದರಿಯ ಜಾಗದಲ್ಲಿ ಎವ್ರಿವೇರ್ ಅಂತ ಕೊಟ್ಟೆ. ಸೇರಿಕೊಂಡಿತು. ಚೆಕ್‌ರೋಲ್ ಕಳಿಸಿದೆ. ಪ್ರಿಂಟರ್ ಗುರ್ ಅಂತು. ರೋಲರ್ ಒಂದು ಸುತ್ತು ತಿರುಗಿತು. ನಿಂತಿತು. ಕಿತ್ತಳೆ ದೀಪ ಮಿಣಮಿಣ ಅನ್ನೋಕೆ ಶುರುವಾಯಿತು. ಟ್ರೇ ತುಂಬ ಹಾಳೆ ಇದೆ. ಶಾಯಿ ಇದೆ. ಮುಚ್ಚಳ ಸರಿಯಾಗಿ ಮುಚ್ಚಿದೆ. ಕಂಪ್ಯೂಟರ್‌ನಲ್ಲಿ ‘ಪ್ರೊಸೆಸಿಂಗ್’ ಅಂತ ಇದೆ, ಇದ್ದೇ ಇದೆ. ಟ್ರೇ ತೆಗೆದು ಹಾಕಿದೆ, ಆಫ್ ಮಾಡಿ ಆನ್ ಮಾಡಿದೆ, ಮತ್ತದೇ ಕಿತ್ತಳೆ ದೀಪ. ಮೇಸ್ತ್ರಿ ಒಂದು ಸಲ ಇಣುಕಿ, “ಕೈಯಲ್ಲೇ ಬರೆದುಬಿಡಿ ಸಾರ್, ಕತ್ತಲಾಯ್ತು” ಅಂದರು.

ವಿಷಯ ಏನಂದ್ರೆ, ಆ ಲಿನಕ್ಸ್ ಹಾಕುವಾಗ ಅದು ತಾನಾಗೇ ಅಮೆರಿಕದ ಇಂಗ್ಲಿಷ್ ಇಟ್ಟುಕೊಂಡಿತ್ತು. ಅಮೆರಿಕ ಅಂದಮೇಲೆ ಕಾಗದವೂ ಅಲ್ಲಿನದೇ, ಲೆಟರ್ ಅಳತೆ. ನಮ್ಮ ಟ್ರೇಯಲ್ಲಿ ಇರುವುದು ಎ4. ಲೆಟರ್ ಕಾಗದ ಹಾಕಲಿ ಅಂತ ಪ್ರಿಂಟರ್ ಕಾಯುತ್ತಾ ಕೂತಿದೆ. ಸೋಮವಾರಪೇಟೆ ಪೇಟೆಯಲ್ಲೆಲ್ಲ ಹುಡುಕಿದರೂ ಲೆಟರ್ ಕಾಗದದ ಒಂದು ಕಟ್ಟು ಸಿಗಲಿಕ್ಕಿಲ್ಲ! ಇದನ್ನಾದರೂ ಬಾಯಿ ಬಿಟ್ಟು ಹೇಳಬಾರದಾ? ದೀಪ ಮಿಣಮಿಣ ಅನ್ನಿಸುವ ಬದಲು ‘ಕಾಗದದ ಅಳತೆ ಬೇರೆ’ ಅಂತ ನಾಲ್ಕಕ್ಷರ? ಆ ಪ್ರಿಂಟರ್‌ಗೆ ಅಷ್ಟಗಲದ ಪರದೆ ಕೊಟ್ಟಿದ್ದಾರೆ, ಅದರಲ್ಲಿ ಇಡೀ ದಿನ ಕಂಪನಿ ಹೆಸರು ಓಡಿಸುತ್ತದೆ.

ಎ4 ಮಾಡಿದ ಮೇಲೆ ಚೆಕ್‌ರೋಲ್ ಬಂತು. ಮೇಸ್ತ್ರಿ ತಗೊಂಡು ಹೋದರು. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ರಾತ್ರಿ ಗಾಳಿಗೆ ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿತ್ತು. ಕರೆಂಟ್ ಇಲ್ಲ. ಮಾರನೇ ದಿನ ಲೈನ್‌ಮನ್ ಮಳೆಯಲ್ಲೇ ಬಂದು ಸರಿಮಾಡಿದರು, ಅವರ ಬಗ್ಗೆ ಒಂದು ಮಾತು ಆಡುವಂತಿಲ್ಲ. ಕರೆಂಟ್ ಬಂತು, ರೂಟರ್ ಎದ್ದಿತು, ಎದ್ದವರಿಗೆಲ್ಲ ಹೊಸದಾಗಿ ವಿಳಾಸ ಹಂಚಿತು. ಪ್ರಿಂಟರ್ 192.168.1.7ರಲ್ಲಿ ಇತ್ತು. ಆ ಜಾಗದಲ್ಲಿ ಈಗ ಅತ್ತಿಗೆಯ ಫೋನ್ ಕೂತಿದೆ. ಲಿನಕ್ಸ್ ಪಾಪ, ತೋಟದ ಬಟವಾಡೆ ಲೆಕ್ಕವನ್ನು ಅತ್ತಿಗೆಯ ಫೋನಿಗೆ ಕಳಿಸಲು ಹೆಣಗಾಡುತ್ತಿದೆ. ಅದು ಕೊಟ್ಟ ಸಂದೇಶ ಏನು ಗೊತ್ತಾ? ‘ಪ್ರಿಂಟರ್ ಇಲ್ಲದೇ ಇರಬಹುದು, ಅಥವಾ ಸದ್ಯಕ್ಕೆ ಸಿಗದೇ ಇರಬಹುದು.’ ಇರಬಹುದು! ನನ್ನ ಮೊಣಕೈ ಪಕ್ಕದಲ್ಲೇ ಕೂತಿದೆಯಲ್ಲೋ!

ಇಷ್ಟಕ್ಕೇ ನಿಲ್ಲುವುದಿಲ್ಲ. ಕೆಲವು ಸಲ ವಿಫಲವಾದ ಮೇಲೆ ಕಪ್ಸ್ ಪ್ರಿಂಟರನ್ನೇ ‘ಸ್ಟಾಪ್’ ಮಾಡಿ ಇಡುತ್ತದೆ. ವಿಳಾಸ ಸರಿಮಾಡಿದರೂ ಅದು ತಾನಾಗಿ ಏಳುವುದಿಲ್ಲ. ‘ಕಪ್ಸ್‌ಎನೇಬಲ್’ ಅಂತ ಹೇಳಿ ಎಬ್ಬಿಸಬೇಕು. ಎಬ್ಬಿಸಿದ ಕೂಡಲೇ ದೊಡ್ಡಪ್ಪ, ನಾನು, ಅತ್ತಿಗೆ ಎಲ್ಲರೂ ಬೇಜಾರಿನಲ್ಲಿ ಒತ್ತಿಟ್ಟಿದ್ದ ಪ್ರಿಂಟ್‌ಗಳೆಲ್ಲ ಸಾಲಾಗಿ ಹೊರಗೆ ಬಂದವು. ಒಂದೇ ಪಹಣಿಯ ಪ್ರತಿ ಎಷ್ಟು ಬಂತು ಅಂತ ಎಣಿಸಲೂ ಹೋಗಲಿಲ್ಲ. ‘ಎರರ್ ಪಾಲಿಸಿ’ಯನ್ನು ‘ರೀಟ್ರೈ ಜಾಬ್’ ಅಂತ ಬದಲಿಸಿದರೆ ಪ್ರಿಂಟರ್ ನಿಲ್ಲುವುದಿಲ್ಲ, ಆಗಾಗ ಮತ್ತೆ ಪ್ರಯತ್ನ ಪಡುತ್ತದೆ. ಆಗಾಗ ಕರೆಂಟ್ ಹೋಗುವ ಊರಿಗೆ ಅದೇ ಸರಿ. ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂತ ಬರೆದಿದ್ದೇನೆ.

ವಿಳಾಸ ಬದಲಾಗದಂತೆ ರೂಟರ್‌ನಲ್ಲೇ ಕಟ್ಟಿಹಾಕಬಹುದು. ಅದಕ್ಕೆ ರೂಟರ್‌ನ ಪಾಸ್‌ವರ್ಡ್ ಬೇಕು. ಅದು ನೆಟ್ ಹಾಕಿಕೊಟ್ಟವರ ಹತ್ತಿರ ಇದೆ. ಕೇಳಿದರೆ “ಅದನ್ನೆಲ್ಲ ನೀವು ಮುಟ್ಟಬೇಡಿ ಸಾರ್, ನಾನೇ ಬಂದು ಮಾಡಿಕೊಡ್ತೀನಿ” ಅಂದರು. ಮಳೆ ಬಿಟ್ಟ ಮೇಲೆ ಬರುತ್ತಾರಂತೆ. ಕೊಡಗಿನಲ್ಲಿ ಜುಲೈನಲ್ಲಿ ಕೂತು ಮಳೆ ಬಿಟ್ಟ ಮೇಲೆ ಅಂದ್ರೆ ಯಾವಾಗ ಅಂತ ನೀವೇ ಲೆಕ್ಕ ಹಾಕಿ. ತಿಂಗಳ ದುಡ್ಡು ನಮ್ಮದು, ರೂಟರ್ ಇಟ್ಟಿರುವುದು ನಮ್ಮ ಗೋಡೆಗೆ, ಪಾಸ್‌ವರ್ಡ್ ಮಾತ್ರ ಅವರ ಜೇಬಿನಲ್ಲಿ! ಕಡೆಗೆ ಪ್ರಿಂಟರ್‌ನ ಮೆನುವಿನಲ್ಲೇ ಬಾಣದ ಗುಂಡಿ ಒತ್ತಿ ಒತ್ತಿ 192.168.1.250 ಅಂತ ಖಾಯಂ ವಿಳಾಸ ಕೂರಿಸಿದೆ. 250ಕ್ಕೆ ಹೋಗಲು ಸೊನ್ನೆಯಿಂದ ಒಂದೊಂದೇ ಮೇಲೆ ಹತ್ತಬೇಕು. ಗುಂಡಿ ಒತ್ತಿ ಹಿಡಿದರೆ ಓಡುವುದಿಲ್ಲ. ಇದನ್ನು ಮಾಡಿದ ಇಂಜಿನಿಯರ್ ಒಂದು ಸಲವಾದರೂ ತಾನೇ ಒತ್ತಿ ನೋಡಿದ್ದನಾ?

ಹಾಳೆ ಮುದ್ದೆಯಾಗುವ ಕಥೆ ಹೇಳುವುದಿಲ್ಲ. ಮಳೆಗಾಲದ ತಂಡಿಗೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಮೂರು ಮೂರು ಒಟ್ಟಿಗೆ ಒಳಗೆ ಹೋಗುತ್ತವೆ. ಅದಕ್ಕೆ ಲಿನಕ್ಸ್ ಏನು ಮಾಡೀತು? ಕಟ್ಟನ್ನು ಬಲ್ಬ್ ಉರಿಯುವ ಬೀರುವಿನಲ್ಲಿ ಇಟ್ಟಿದ್ದೇನೆ.

“ಹೊಸ ಲ್ಯಾಪ್‌ಟಾಪ್ ತಗೊಂಡ್ರೆ ಎಲ್ಲ ಸರಿಹೋಗುತ್ತೆ” ಅಂತ ಹೇಳಲು ಬರುವವರು ದಯವಿಟ್ಟು ಬರಬೇಡಿ. ಹೊಸ ಲ್ಯಾಪ್‌ಟಾಪ್ ಬಂದರೂ ಕರೆಂಟ್ ಹೋಗುತ್ತದೆ, ರೂಟರ್ ವಿಳಾಸ ಬದಲಿಸುತ್ತದೆ, ಪಾಸ್‌ವರ್ಡ್ ಅವರ ಜೇಬಿನಲ್ಲೇ ಇರುತ್ತದೆ.

ಸದ್ಯಕ್ಕೆ ಪ್ರಿಂಟ್ ಬರುತ್ತಿದೆ. ನಿನ್ನೆ ದೊಡ್ಡಪ್ಪ ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದು ಆಫೀಸಿಗೆ ಬಂದರು. “ಮಗಾ, ಇದರಲ್ಲಿ ಸ್ಕ್ಯಾನೂ ಮಾಡಬಹುದಂತಲ್ಲ?” ಅದಕ್ಕೆ ಸೇನ್ ಅನ್ನೋ ಬೇರೆಯದೇ ವ್ಯವಸ್ಥೆ ಇದೆ, ಏರ್‌ಸ್ಕ್ಯಾನ್ ಅನ್ನೋ ಇನ್ನೊಂದು ಪ್ಯಾಕೇಜ್ ಹಾಕಬೇಕು. ಅದೂ ನಮ್ಮ ಹಗುರ ಲಿನಕ್ಸ್‌ನಲ್ಲಿ ಇಲ್ಲ. ಫೋನಲ್ಲಿ ಫೋಟೋ ತೆಗೆದುಕೊಳ್ಳಿ ದೊಡ್ಡಪ್ಪ ಅಂದೆ.